ಆರನೇ ಮಂಚದವನ ಅಪ್ಪ

ಬಿಳಿಯನ ಹಿಂದೆ ಯಾರಾದರೂ ಇದ್ದೇ ಇರುತ್ತಾರೆ. ಎಂಬತ್ತರ ದಶಕದ ಮುಂಬಯಿಯಲ್ಲಿ ಇದನ್ನು ಎಲ್ಲರೂ ನಂಬಿದ್ದರು. ಹರಿದ ಪ್ಯಾಂಟು, ಬರಿಗಾಲು, ಬೆನ್ನಿಗೊಂದು ಚೀಲ ಎಲ್ಲ ನಾಟಕ. ಊರಿನಲ್ಲಿ ಕಾರಿರುವ ಅಪ್ಪ, ಹುಲ್ಲುಹಾಸಿನ ಮನೆ. ಕಷ್ಟ ಬಂದರೆ ಒಂದು ತಂತಿ, ಮರುದಿನ ವಿಮಾನ. ಟ್ಯಾಕ್ಸಿಯವನು, ಪೊಲೀಸಿನವನು, ಜೇಬುಗಳ್ಳ, ನಮ್ಮ ಶೆಟ್ಟರು, ಇವರು ನಾಲ್ವರೂ ಒಪ್ಪುತ್ತಿದ್ದ ವಿಷಯ ಇದೊಂದೇ. ಇದರ ದೆಸೆಯಿಂದ ನಮ್ಮ ಲಾಡ್ಜಿನಲ್ಲಿ ವಾರಕ್ಕೊಂದಾದರೂ ತಮಾಷೆ ನಡೆಯುತ್ತಿತ್ತು. ಕೆಲವನ್ನು ಇಲ್ಲಿ ಬರೆಯುತ್ತೇನೆ. ನಗು ಬಂದರೆ ನಗಿ, ನಾವೂ ನಕ್ಕಿದ್ದೆವು. ಆರನೇ ಮಂಚದವನಿಗೆ ಮಾತ್ರ ಕೊನೆಯಲ್ಲಿ ಅಷ್ಟು ತಮಾಷೆಯಾಗಿರಲಿಲ್ಲ.

ಡ್ರಾಯರು

ನಾನು ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿದ್ದೆ. ಮುಂಬಯಿಯಲ್ಲಿ ಅದಕ್ಕೆ ಸಿಕ್ಕಿದ್ದು ಲಾಡ್ಜಿನ ಮ್ಯಾನೇಜರ್ ಕೆಲಸ. ವಿಲೆ ಪಾರ್ಲೆಯ ಚಿಕ್ಕಪ್ಪನ ಮನೆಯಿಂದ ಲೋಕಲ್ ಹಿಡಿದು ಚರ್ಚ್‌ಗೇಟ್, ಅಲ್ಲಿಂದ ನಡೆದು ಫೋರ್ಟಿನ ಒಂದು ಗಲ್ಲಿ, ಹಳೇ ಬಿಲ್ಡಿಂಗಿನ ಮೂರನೇ ಮಹಡಿ. ಲಿಫ್ಟ್ ಇತ್ತು. ಅದರಲ್ಲಿ ಹಾಸಿಗೆಗಳನ್ನು ಪೇರಿಸಿಟ್ಟಿದ್ದೆವು. ಮೂರು ರೂಮು, ಎಂಟು ಮಂಚದ ಒಂದು ಹಾಲ್. ಬೆನ್ನಿಗೆ ಚೀಲ ಹೊತ್ತು ದೇಶ ತಿರುಗುವ ವಿದೇಶಿಯರು ನಮ್ಮ ಗಿರಾಕಿಗಳು. ಮಾಲೀಕರು ಉಡುಪಿ ಕಡೆಯವರು. ಊರೆಲ್ಲ ಅವರನ್ನು ಶೆಟ್ರು ಎನ್ನುತ್ತಿತ್ತು. ಪೂರ್ತಿ ಹೆಸರು ಯಾರಿಗೂ ಬೇಕಿರಲಿಲ್ಲ. ನನ್ನನ್ನು ಅವರು ಮಾಸ್ಟ್ರು ಎನ್ನುತ್ತಿದ್ದರು. ಎಂ.ಎ. ಮಾಡಿಯೂ ಮೇಷ್ಟರಾಗದವನಿಗೆ ಅವರು ಕೊಟ್ಟ ಸಮಾಧಾನ ಅದು.

ವಿದೇಶಿಯರು ಬಂದ ಕೂಡಲೇ ಪಾಸ್‌ಪೋರ್ಟ್ ಇಸಿದುಕೊಂಡು ಕೌಂಟರಿನ ಡ್ರಾಯರಿಗೆ ಹಾಕಿ ಬೀಗ ಜಡಿಯುವುದು ನಮ್ಮ ಪದ್ಧತಿ. ಬ್ಯಾಂಕಿಗೆ ಹೋಗುವುದಿದ್ದರೆ ಕೊಡುವುದು, ಬಂದ ಮೇಲೆ ಮತ್ತೆ ಇಸಿದುಕೊಳ್ಳುವುದು. ಅದನ್ನು ನೋಡಿ ನಾನು ಸಿ ಫಾರ್ಮ್ ತುಂಬಿ ಪೊಲೀಸರಿಗೆ ಕಳಿಸಬೇಕು. ಸಿ ಫಾರ್ಮಿಗೆ ಬೇಕಾದದ್ದು ಫೋಟೋ ಇರುವ ಪುಟ ಮತ್ತು ವೀಸಾ ಇರುವ ಪುಟ. ಬೇರೆ ಪುಟ ತೆರೆಯುವ ಅಗತ್ಯ ನನಗೆ ಬೀಳುತ್ತಿರಲಿಲ್ಲ.

ಒಂದು ಆಯುಧಪೂಜೆಯ ದಿನ ಶೆಟ್ಟರು ಡ್ರಾಯರಿಗೂ ಪೂಜೆ ಮಾಡಿದರು. ಮುಚ್ಚಿದ ಪುಸ್ತಕಕ್ಕೆ ಪೂಜೆ ಸಲ್ಲದು ಎಂದು ಒಂದೊಂದೇ ಪಾಸ್‌ಪೋರ್ಟ್ ಬಿಡಿಸಿ ಫೋಟೋದ ಹಣೆಗೆ ಸರಿಯಾಗಿ ಕುಂಕುಮ ಇಟ್ಟರು. ಒರೆಸಿದರೆ ಹೋಗಲಿಲ್ಲ. ತಿಂಗಳ ನಂತರ ಆ ಗಿರಾಕಿಗಳಲ್ಲಿ ಒಬ್ಬ ಹುಡುಗಿಯ ಕಾರ್ಡು ಬಂತು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಫೋಟೋವನ್ನೂ ಅವಳ ಮುಖವನ್ನೂ ಐದು ನಿಮಿಷ ನೋಡಿದರಂತೆ. ಅವಳು ಲಿಪ್‌ಸ್ಟಿಕ್ಕಿನಿಂದ ಹಣೆಗೆ ಬೊಟ್ಟಿಟ್ಟುಕೊಂಡ ಮೇಲೆ, "ಹಾಂ, ಈಗ ಸರಿ" ಎಂದು ಬಿಟ್ಟರಂತೆ.

ಭಿಕ್ಷೆ

ಆರನೇ ಮಂಚ ಕಿಟಕಿಯ ಪಕ್ಕದ್ದು. ಅದರಲ್ಲಿ ಪ್ರತಿ ವರ್ಷ ನವೆಂಬರಿನಲ್ಲಿ ಒಬ್ಬ ಬಂದು ಮಲಗುತ್ತಿದ್ದ. ಮಾರ್ಚಿಗೆ ಹೋಗುತ್ತಿದ್ದ. ಯಾವ ದೇಶದವನು ಎಂಬುದು ಮುಖ್ಯವಲ್ಲ. ನಮ್ಮ ಗಲ್ಲಿಗೆ ಬಿಳಿಯರೆಲ್ಲ ಗೋರಾ, ಎಲ್ಲರದೂ ಒಂದೇ ದೇಶ. ಮೂವತ್ತೈದರ ಆಸುಪಾಸು, ಬಡಕಲು, ಮಾತು ಕಡಿಮೆ. ಗಿಟಾರ್ ನುಡಿಸುತ್ತಿರಲಿಲ್ಲ. ನಮ್ಮಲ್ಲಿ ಅದೇ ಒಂದು ದೊಡ್ಡ ಗುಣ.

ಒಮ್ಮೆ ಅವನು ಹಾಲ್‌ನ ಉಳಿದವರೊಂದಿಗೆ ಪಂಥ ಕಟ್ಟಿ ಸೋತ. ಸೋತವನು ಚರ್ಚ್‌ಗೇಟ್ ಸ್ಟೇಷನ್ ಎದುರು ಎರಡು ಗಂಟೆ ಭಿಕ್ಷೆಗೆ ಕೂರಬೇಕು. ಕೂತ. ಹತ್ತು ನಿಮಿಷದಲ್ಲಿ ಜನ ಸೇರಿದರು. ನಾಣ್ಯ ಯಾರೂ ಹಾಕಲಿಲ್ಲ. ಒಬ್ಬ ಅವನ ಊರಿನ ಸ್ಟಾಂಪು ಕೇಳಿದ. ಒಬ್ಬ ತಮ್ಮನಿಗೆ ಅಲ್ಲಿ ಕೆಲಸ ಕೇಳಿದ. ಒಬ್ಬ ತಂದೆ ಮಗನಿಗೆ ತೋರಿಸಿ, "ನೋಡು, ಇವನ ಅಪ್ಪನಿಗೆ ಗೊತ್ತಾದರೆ ಎಷ್ಟು ಸಂಕಟಪಡುತ್ತಾನೆ" ಎಂದ. ಆಮೇಲೆ ಸ್ಟೇಷನ್ನಿನ ಕಾಯಂ ಭಿಕ್ಷುಕರು ಬಂದು ಅವನ ಮುಂದೆ ಕ್ಯೂ ನಿಂತರು. ಅವನು ಇದ್ದ ಚಿಲ್ಲರೆ ಕೊಟ್ಟ, ಪೆನ್ನು ಕೊಟ್ಟ, ಟೋಪಿ ಕೊಟ್ಟ. ಕೊನೆಗೆ ಚಪ್ಪಲಿಯನ್ನೂ ಕೊಟ್ಟು ಬರಿಗಾಲಲ್ಲಿ ಮೂರು ಮಹಡಿ ಹತ್ತಿ ಬಂದ.

ಶೆಟ್ಟರು ಅವನ ಪಾದ ನೋಡಿ ನನಗೆ ಹೇಳಿದರು: "ನೋಡಿದ್ರಾ ಮಾಸ್ಟ್ರೇ? ಭಿಕ್ಷೆಗೆ ಕೂತರೂ ದಾನ ಮಾಡಿಯೇ ಬಂದ. ದೊಡ್ಡ ಮನೆತನ ಅಂದ್ರೆ ಅದು."

ಪೂರ್ತಿ ಹೆಸರು

ಅವನು ಬರತೊಡಗಿದ ಎರಡನೇ ವರ್ಷ. ಬ್ಯಾಂಕಿಗೆ ಹೋಗಲು ಪಾಸ್‌ಪೋರ್ಟ್ ಬಿಡಿಸಿಕೊಳ್ಳಲು ಕೌಂಟರಿಗೆ ಬಂದವನು ಶೆಟ್ಟರ ಪೂರ್ತಿ ಹೆಸರು ಏನು ಎಂದು ಕೇಳಿದ. ಇಪ್ಪತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಶೆಟ್ಟರು ಎದ್ದು ನಿಂತು ಹೇಳಿದರು. ಊರಿನ ಹೆಸರು, ಮನೆಯ ಹೆಸರು, ಅಪ್ಪನ ಹೆಸರು, ಆಮೇಲೆ ತಮ್ಮ ಹೆಸರು. ಅವನು ಸಿಗರೇಟ್ ಪ್ಯಾಕಿನ ಮೇಲೆ ಬರೆದುಕೊಂಡ. ಲಾಡ್ಜಿನ ವಿಳಾಸವನ್ನೂ ಬರೆದುಕೊಂಡು ಹೋದ.

"ಮಾಸ್ಟ್ರೇ, ಪುಸ್ತಕಕ್ಕೆ!" ಎಂದರು ಶೆಟ್ಟರು.

ಎಲ್ಲಿ ಉಳಿಯಬೇಕು, ಎಲ್ಲಿ ತಿನ್ನಬೇಕು ಎಂದು ಹೇಳುವ ದಪ್ಪ ಗೈಡ್ ಪುಸ್ತಕವೊಂದು ಎಲ್ಲ ವಿದೇಶಿಯರ ಕೈಯಲ್ಲೂ ಇರುತ್ತಿತ್ತು. ಅದನ್ನು ಬರೆಯುವವರು ಗುಟ್ಟಾಗಿ ಬಂದು ಉಳಿದು ಹೋಗುತ್ತಾರೆ ಎಂಬ ಸುದ್ದಿ ಇತ್ತು. ಶೆಟ್ಟರು ಮರುದಿನವೇ ಹಾಲ್‌ಗೆ ಸುಣ್ಣ ಹೊಡೆಸಿದರು, ತಿಗಣೆಗೆ ಮದ್ದು ಹೊಡೆಸಿದರು, ಆರನೇ ಮಂಚಕ್ಕೆ ಹೊಸ ದಿಂಬು ಕೊಟ್ಟರು. ಆಮೇಲೆ ಎರಡು ವರ್ಷ, ಬಂದ ಪ್ರತಿಯೊಬ್ಬರ ಪುಸ್ತಕ ಇಸಿದು ನಾನು ಹುಡುಕಬೇಕಾಯಿತು. ಕೊನೆಗೆ ಹೊಸ ಆವೃತ್ತಿಯೊಂದರಲ್ಲಿ ನಮ್ಮ ಲಾಡ್ಜಿನ ಬಗ್ಗೆ ಒಂದು ಸಾಲು ಸಿಕ್ಕಿತು: ಅಗ್ಗ, ಜನ ಒಳ್ಳೆಯವರು, ತಿಗಣೆ ಇವೆ.

ಶೆಟ್ಟರು ಎರಡು ಸಲ ಓದಿಸಿದರು. "ಎಂತ ಮಾರಾಯ್ರೇ ಇದು, ತಿಗಣೆಯ ಹೆಸರು ಹಾಕಿದ್ದಾರೆ, ನನ್ನದು ಬಿಟ್ಟಿದ್ದಾರೆ."

ನೈಟ್‌ಕ್ಲಬ್, ಬೆಳಿಗ್ಗೆ ಹತ್ತಕ್ಕೆ

ಮುಂಬಯಿಯಲ್ಲಿ ನೈಟ್‌ಲೈಫ್ ಎಲ್ಲಿದೆ ಎಂದು ಪ್ರತಿಯೊಬ್ಬ ಗಿರಾಕಿಯೂ ಕೇಳುತ್ತಿದ್ದ. ಸ್ಟುಡಿಯೋದಲ್ಲಿ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಎಂದು ನಾನು ಹೇಳುತ್ತಿದ್ದೆ. ಸುಳ್ಳಲ್ಲ. ಹಿಂದಿ ಸಿನಿಮಾದ ನೈಟ್‌ಕ್ಲಬ್ಬಿಗೆ ಬಿಳಿಯರು ಬೇಕು. ಅವರನ್ನು ಒದಗಿಸುವ ಏಜೆಂಟ್ ವಾರಕ್ಕೆರಡು ಸಲ ಬೆಳಿಗ್ಗೆ ಏಳಕ್ಕೆ ನಮ್ಮ ಮೆಟ್ಟಿಲು ಹತ್ತುತ್ತಿದ್ದ. ತರಕಾರಿ ಕೊಳ್ಳುವವನ ಧಾಟಿಯಲ್ಲಿ, "ದಸ್ ಗೋರಾ ದೇನಾ, ಮೂರು ಹೆಂಗಸರು ಇರಲಿ" ಎನ್ನುತ್ತಿದ್ದ.

ನಾಲ್ಕನೇ ವರ್ಷದ ಜನವರಿಯಲ್ಲಿ ಒಬ್ಬ ಕಡಿಮೆ ಬಿದ್ದ. ಆರನೇ ಮಂಚದವನು ಮೂರು ದಿನದಿಂದ ಊಟ ಸರಿಯಾಗಿ ಮಾಡಿರಲಿಲ್ಲ. ಕಣ್ಣು ಸ್ವಲ್ಪ ಹಳದಿ ಇತ್ತು. ಏಜೆಂಟ್ ಕಣ್ಣಿಗೆ ಕರಿ ಕನ್ನಡಕ ಹಾಕಿಸಿ ಕರೆದುಕೊಂಡು ಹೋದ. ಲೆಕ್ಕ ಸರಿಯಾಗಿರಲಿ ಎಂದು ನಾನೂ ಜೊತೆಗೆ ಹೋದೆ. ನಿರ್ದೇಶಕ ಹತ್ತು ಜನರನ್ನೂ ನೋಡಿ ಅವನನ್ನೇ ಆರಿಸಿದ. "ಇವನಲ್ಲಿ ದೊಡ್ಡ ಮನೆತನದ ಖಾನ್‌ದಾನಿ ಕಳೆ ಇದೆ." ಬಿಳಿ ಸೂಟು ತೊಡಿಸಿ, ವಜ್ರದ ವ್ಯಾಪಾರಿ ಮಾಡಿ, ಎರಡು ಹುಡುಗಿಯರ ನಡುವೆ ಸೋಫಾದ ಮೇಲೆ ಕೂರಿಸಿದರು. ಕೈಯಲ್ಲಿ ವಿಸ್ಕಿ ಗ್ಲಾಸು. ಅದರಲ್ಲಿದ್ದದ್ದು ತಣ್ಣಗಾದ ಚಹಾ. ಸಂಗೀತ ಶುರುವಾಯಿತು, ದೀಪಗಳು ತಿರುಗಿದವು, ಅವನು ಒಂದು ಗುಟುಕು ಕುಡಿದು ವಜ್ರದ ವ್ಯಾಪಾರಿಯ ಸೂಟಿನ ಮೇಲೆಲ್ಲ ವಾಂತಿ ಮಾಡಿಕೊಂಡ.

ನಿರ್ದೇಶಕ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದ. "ವಾಹ್! ಇದಕ್ಕೆ ನಟನೆ ಅನ್ನಬೇಕು. ಸೂಟ್ ಬದಲಾಯಿಸಿ. ಒನ್ ಮೋರ್."

ದೂರು

ಶನಿವಾರ ಸಂಜೆ ನಮ್ಮ ತಾರಸಿಯಲ್ಲಿ ಪಾರ್ಟಿ. ಒಂದು ಟೇಪ್‌ರೆಕಾರ್ಡರ್, ಬಣ್ಣದ ಕಾಗದ ಸುತ್ತಿದ ಎರಡು ಬಲ್ಬು, ಹತ್ತು ಹನ್ನೆರಡು ಜನರ ಕುಣಿತ. ಎದುರು ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಲಿಖಿತ ದೂರು ತರುತ್ತಿದ್ದರು. ನಿವೃತ್ತ ಅಧಿಕಾರಿ, ಇಸ್ತ್ರಿಯ ಶರ್ಟು. ಯಾರು ಯಾವ ಬಟ್ಟೆಯಲ್ಲಿದ್ದರು, ಯಾರು ಯಾರ ಹೆಗಲ ಮೇಲೆ ಕೈ ಹಾಕಿದ್ದರು, ಎಷ್ಟು ನಿಮಿಷ, ಎಲ್ಲ ದೂರಿನಲ್ಲಿ ಇರುತ್ತಿತ್ತು. ನಾನು ಸಹಿ ಮಾಡಿ ಫೈಲಿಗೆ ಹಾಕುತ್ತಿದ್ದೆ. ಮುಂಬಯಿಯ ಬಗ್ಗೆ ಅಷ್ಟು ಸೂಕ್ಷ್ಮವಾದ ಗದ್ಯವನ್ನು ನಾನು ಬೇರೆಲ್ಲೂ ಓದಿಲ್ಲ.

ಶೂಟಿಂಗಿನ ಮರುದಿನದಿಂದ ಆರನೇ ಮಂಚದವನು ಏಳಲಿಲ್ಲ. ಮೈ, ಉಗುರು, ಎಲ್ಲ ಹಳದಿ. ಆ ಶನಿವಾರ ಶೆಟ್ಟರು ಪಾರ್ಟಿ ಬೇಡ ಎಂದರು. ಭಾನುವಾರ ಒಂಬತ್ತಕ್ಕೆ ಸೆಕ್ರೆಟರಿ ಬಂದರು. ಕೈಯಲ್ಲಿ ಕಾಗದ ಇತ್ತು.

"ಕಾಯಿಲೆ ಇದೆ ಸಾರ್, ಪಾರ್ಟಿ ಇರಲಿಲ್ಲ" ಎಂದೆ.

"ಅದೇ ದೂರು. ಮೊದಲೇ ತಿಳಿಸಬೇಕು. ಡೊಂಬಿವಲಿಯಿಂದ ನೆಂಟರು ಬಂದಿದ್ದರು, ಬಾಲ್ಕನಿಯಲ್ಲಿ ಕುರ್ಚಿ ಹಾಕಿದ್ದೆವು."

ಸುಣ್ಣದ ನೀರು

ಕೆಳಗಿನ ಅಂಗಡಿ ಸಾಲಿನ ಡಾಕ್ಟರು ಮೇಲೆ ಬಂದು ರೋಗಿಯ ಹೊಟ್ಟೆ ಒತ್ತಿ ನೋಡಿ, "ಕಾಮಾಲೆ ಜೋರಾಗಿದೆ, ಇವತ್ತೇ ಆಸ್ಪತ್ರೆಗೆ ಸೇರಿಸಿ" ಎಂದರು. ಶೆಟ್ಟರು ತಲೆಯಾಡಿಸಿ, ಗ್ರಾಂಟ್ ರೋಡಿನಿಂದ ಕಾಮಾಲೆ ಇಳಿಸುವವನೊಬ್ಬನನ್ನು ಕರೆಸಿದರು.

ಅವನು ರೋಗಿಯ ಎರಡೂ ಕೈಗೆ ಯಾವುದೋ ತೊಗಟೆಯ ಪುಡಿ ತಿಕ್ಕಿ, ಸುಣ್ಣದ ತಿಳಿನೀರು ಹಾಕಿ ತೊಳೆದ. ಬಟ್ಟಲಿನ ನೀರು ಹಳದಿಯಾಯಿತು. "ಬರ್ತಾ ಉಂಟು, ಬರ್ತಾ ಉಂಟು" ಎಂದು ಶೆಟ್ಟರು ಬಗ್ಗಿ ನೋಡಿದರು. ನಾನು ಓದಿದವನು. ಇದು ಪುಡಿ ಮತ್ತು ಸುಣ್ಣದ ಕೆಲಸ, ಯಾರ ಕೈ ತೊಳೆದರೂ ನೀರು ಹಳದಿಯೇ, ಬೇಕಾದರೆ ನೀವೇ ಕೈ ಕೊಡಿ ಎಂದೆ. ಶೆಟ್ಟರು ಕೈ ಚಾಚಿದರು. ಪುಡಿ ತಿಕ್ಕಿ ತೊಳೆದರೆ ನೀರು ಇನ್ನೂ ಗಾಢ ಹಳದಿಯಾಯಿತು. ವೈದ್ಯ ಮುಖ ಕೆಳಗೆ ಹಾಕಿದ. ನಾನು ಗೆದ್ದೆ ಅಂದುಕೊಂಡೆ.

ಶೆಟ್ಟರು ಬಟ್ಟಲನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು, ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟರು. "ನೋಡಿ ಮಾಸ್ಟ್ರೇ. ನನಗೂ ಇತ್ತು. ಗೊತ್ತೇ ಆಗ್ಲಿಲ್ಲ."

ಒಂದನೇ ನಂಬರ್ ರೂಮು

ಶೆಟ್ಟರು ಜಿಪುಣರಲ್ಲ. ದಿನಾ ಎಳನೀರು, ಕಬ್ಬಿನ ಹಾಲು, ಗ್ಲೂಕೋಸು ತರಿಸುತ್ತಿದ್ದರು. ಮಂಚದ ಪಕ್ಕ ಕೂತು ಮೋಸಂಬಿ ಸುಲಿದು ಎಸಳು ಎಸಳಾಗಿ ಬಾಯಿಗಿಡುತ್ತಿದ್ದರು. ಆಸ್ಪತ್ರೆ ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ.

"ಜನರಲ್ ವಾರ್ಡಿಗಾ? ಜಾಗ ಇಲ್ಲದಿದ್ರೆ ನೆಲದಲ್ಲಿ ಮಲಗಿಸ್ತಾರೆ. ನಾಳೆ ಅವನ ಅಪ್ಪ ಬಂದು, ನನ್ನ ಮಗನನ್ನು ಎಲ್ಲಿ ಹಾಕಿದ್ದೀರಿ ಅಂತ ಕೇಳಿದ್ರೆ ನಾನೆಂತ ಹೇಳುದು?"

"ಪ್ರೈವೇಟಿಗೆ ಸೇರಿಸೋಣ."

"ಯಾವ ಪ್ರೈವೇಟು ಅಂತ ಅಪ್ಪ ಹೇಳ್ಲಿ. ದೊಡ್ಡವರದ್ದು ನಮಗೆ ಗೊತ್ತಾಗ್ತದಾ?"

ನಾನು ರೋಗಿಯನ್ನೇ ಕೇಳಿದೆ. ಅಪ್ಪ? ಇಲ್ಲ ಎಂದ. ಅಮ್ಮ? ಇಲ್ಲ. ಹೆಂಡತಿ, ಅಣ್ಣತಮ್ಮ? ಕಣ್ಣು ಮುಚ್ಚಿಯೇ ತಲೆಯಾಡಿಸಿದ. ನಾನು ಕನ್ನಡದಲ್ಲಿ ಹೇಳಿದಾಗ ಶೆಟ್ಟರು ನಕ್ಕರು.

"ನಾನೂ ಹಾಗೇ ಹೇಳಿದ್ದೆ ಮಾಸ್ಟ್ರೇ. ಹದಿಮೂರರಲ್ಲಿ ಮನೆ ಬಿಟ್ಟು ಬಂದದ್ದು. ಗ್ರಾಂಟ್ ರೋಡಿನ ಹೋಟೆಲಿನಲ್ಲಿ, ನನಗೆ ಯಾರೂ ಇಲ್ಲ ಅಂತ ಹೇಳಿ ಪ್ಲೇಟ್ ತೊಳೀಲಿಕ್ಕೆ ಸೇರಿದ್ದು. ಮೂರು ತಿಂಗಳಿಗೆ ಅಪ್ಪ ಬಂದ್ರು. ಒಂದೊಂದು ಹೋಟೆಲಿನ ಹಿಂಬಾಗಿಲಿಗೂ ಹೋಗಿ ಕೇಳಿ ಕೇಳಿ. ಬರೀ ಪಂಚೆ, ಹಿಂದಿ ಬರ್ಲಿಕ್ಕಿಲ್ಲ. ಬಂದ್ರಾ ಇಲ್ವಾ? ಇವನ ಅಪ್ಪನಿಗೆ ವಿಮಾನ ಉಂಟು."

ನಾನು ಮತ್ತೊಮ್ಮೆ ರೋಗಿಯ ಹತ್ತಿರ ಬಗ್ಗಿ, ನಿನಗೆ ಹೀಗಾಗಿದೆ ಎಂದು ಯಾರಿಗಾದರೂ ತಿಳಿಸಬೇಕೇ ಎಂದು ಕೇಳಿದೆ. ಅವನು ಕಣ್ಣು ತೆರೆದ. ಮೋಸಂಬಿಯ ಬೀಜ ತೆಗೆಯುತ್ತ ಕೂತಿದ್ದ ಶೆಟ್ಟರನ್ನು ನೋಡಿದ. ನಿಧಾನವಾಗಿ, ಸ್ಪಷ್ಟವಾಗಿ, ತಿಳಿಸಬೇಕಾದವರಿಗೆ ಆಗಲೇ ಗೊತ್ತಿದೆ ಎಂದ.

ಜ್ವರದ ಮಾತು ಅಂದುಕೊಂಡೆ. ಆದರೂ ಅನುವಾದಿಸಿದೆ.

ಶೆಟ್ಟರು ಎಸಳು ಬಟ್ಟಲಿಗೆ ಹಾಕಿ ಎದ್ದೇ ಬಿಟ್ಟರು. "ಗೊತ್ತುಂಟಾ? ಹಾಗಾದ್ರೆ ಹೊರಟಿರ್ತಾರೆ!"

ಅಂದೇ ಒಂದನೇ ನಂಬರ್ ರೂಮು ಖಾಲಿ ಮಾಡಿಸಿದರು. ಸುಣ್ಣ ಹೊಡೆಸಿದರು. ಹೊಸ ಚಾದರ, ಸ್ಟೂಲಿನ ಮೇಲೆ ಥರ್ಮಸ್, ನೀರಿನ ಹೂಜಿ. ವಯಸ್ಸಾದವರು ಎಂದು ಚೋರ್ ಬಜಾರಿನಿಂದ ಕಮೋಡು ತರಿಸಿದರು. ಕೂರಿಸಲು ಬಂದ ಪ್ಲಂಬರ್, ಈ ಬಿಲ್ಡಿಂಗಿನ ಪೈಪು ಇದಕ್ಕೆ ಆಗುವುದಿಲ್ಲ ಎಂದ. ಕಮೋಡು ರೂಮಿನ ಮೂಲೆಯಲ್ಲಿ, ಎಲ್ಲಿಗೂ ಸೇರದೆ, ಕಿಟಕಿಯ ಕಡೆ ಮುಖ ಮಾಡಿ ನಿಂತಿತು. ಶೆಟ್ಟರು ದಿನಾ ಅದರ ಧೂಳು ಒರೆಸುತ್ತಿದ್ದರು.

ತಂತಿ

ಮಲಗಿದ ಹನ್ನೊಂದನೆಯ ದಿನ ಅವನಿಗೆ ಶೆಟ್ಟರ ಗುರುತು ಸಿಗಲಿಲ್ಲ. ಶೆಟ್ಟರು ಆಗ ಹೆದರಿದರು. ಟ್ಯಾಕ್ಸಿಯಲ್ಲಿ ಮಲಗಿಸಿ, ತಲೆ ತೊಡೆಯ ಮೇಲಿಟ್ಟುಕೊಂಡು ದೊಡ್ಡಾಸ್ಪತ್ರೆಗೆ ಹೋದರು. ಡ್ಯೂಟಿಯಲ್ಲಿದ್ದ ಡಾಕ್ಟರ್ ಹುಡುಗಿ ನೋಡಿ, ಎಷ್ಟು ದಿನದಿಂದ ಎಂದು ಕೇಳಿದಳು. ಹೇಳಿದೆ.

"ಇಷ್ಟು ದಿನ ಯಾರಿಗೆ ಕಾಯ್ತಾ ಇದ್ರಿ?"

"ಅವನ ತಂದೆಗೆ" ಎಂದರು ಶೆಟ್ಟರು.

ಫಾರಂ ತುಂಬಿದ್ದು ನಾನು. ರೋಗಿಗೂ ಕರೆತಂದವರಿಗೂ ಇರುವ ಸಂಬಂಧ ಎಂಬಲ್ಲಿ "ಲಾಡ್ಜ್" ಎಂದು ಬರೆದೆ. ಮರುದಿನ ಬೆಳಿಗ್ಗೆ ಅವನು ಸತ್ತ. ಮಂಚ ಸಿಕ್ಕಿತ್ತು, ನೆಲದಲ್ಲಿ ಯಾರೂ ಮಲಗಿಸಲಿಲ್ಲ.

ಡ್ರಾಯರಿನಿಂದ ಪಾಸ್‌ಪೋರ್ಟ್ ತೆಗೆದು ಅವನ ದೇಶದ ದೂತಾವಾಸದ ಕಚೇರಿಗೆ ಒಯ್ದೆ. ನಮ್ಮ ಲಾಡ್ಜಿನಿಂದ ಹತ್ತು ನಿಮಿಷದ ನಡಿಗೆ. ಅಲ್ಲಿನ ಗುಮಾಸ್ತ ನಮ್ಮವನೇ, ಟೈ ಕಟ್ಟಿದ್ದ. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡ. ನನ್ನ ಹೆಸರು, ಲಾಡ್ಜಿನ ಹೆಸರು, ವಿಳಾಸ. ಅವನ ಮನೆಯವರಿಗೆ ಎಂದು ಬಾಯಿ ತೆರೆದೆ.

"ಪಾಸ್‌ಪೋರ್ಟ್ ಕೊಟ್ಟಿದ್ದೀರಲ್ಲ, ಅದರಲ್ಲಿ ಇರುತ್ತೆ. ತಿಳಿಸಬೇಕಾದವರಿಗೆ ತಂತಿ ಕೊಡುತ್ತೇವೆ. ಅದು ನಮ್ಮ ಕೆಲಸ. ನೀವು ಹೋಗಿ."

ಬಂದು ಶೆಟ್ಟರಿಗೆ ಹೇಳಿದೆ. ಅವರು ಒಂದನೇ ನಂಬರಿನ ಚಾದರ ಬದಲಾಯಿಸಿದರು. ಮೂರು ದಿನ ಕೌಂಟರ್ ಬಿಟ್ಟು ಏಳಲಿಲ್ಲ. ಬಂದ ಅಪ್ಪನಿಗೆ ಏನು ಹೇಳಬೇಕು, ಕಾಲು ಹಿಡಿದರೆ ಅವರಿಗೆ ಅರ್ಥವಾಗುತ್ತದೆಯೇ, ಅವರಲ್ಲಿ ಆ ಪದ್ಧತಿ ಉಂಟೇ ಎಂದು ನನ್ನನ್ನು ಕೇಳುತ್ತಿದ್ದರು. ಗೊತ್ತಿಲ್ಲ ಎಂದೆ.

ನಾಲ್ಕನೆಯ ದಿನ ತಂತಿಯವನು ಮೂರು ಮಹಡಿ ಹತ್ತಿ ಬಂದ. ಶೆಟ್ಟರು ಸಹಿ ಹಾಕಿದರು. ಕಾಗದವನ್ನು ನನ್ನ ಕೈಗೆ ಕೊಟ್ಟರು.

"ಬಂತು ಮಾಸ್ಟ್ರೇ. ನಾನು ಹೇಳ್ಲಿಲ್ವಾ? ಯಾವ ವಿಮಾನ ಅಂತ ನೋಡಿ."

ಓದಿದೆ. ತಮ್ಮ ಆಪ್ತರು ಮುಂಬಯಿಯಲ್ಲಿ ಕಾಮಾಲೆಯಿಂದ ತೀರಿಕೊಂಡಿದ್ದಾರೆಂದು ತಿಳಿಸಲು ವಿಷಾದಿಸುತ್ತೇವೆ. ಅಂತ್ಯಕ್ರಿಯೆಯ ಬಗ್ಗೆ ತಮ್ಮ ಇಚ್ಛೆಯನ್ನು ಕೂಡಲೇ ತಿಳಿಸಿ. ಹೆಚ್ಚಿನ ವಿವರಗಳಿಗೆ ಅವರು ತಂಗಿದ್ದ ಲಾಡ್ಜಿನ ಮ್ಯಾನೇಜರನ್ನು ಸಂಪರ್ಕಿಸಿ.

ಶೆಟ್ಟರು ನನ್ನ ಮುಖ ನೋಡಿದರು. ನಾನು ಮ್ಯಾನೇಜರು. ಹೆಚ್ಚಿನ ವಿವರ ಏನಿತ್ತು?

"ಅಪ್ಪನಿಗೆ ಹೋಗುವುದು ಇಲ್ಲಿಗೆ ಬಂದಿದೆ ಮಾರಾಯ್ರೇ. ವಿಳಾಸ ತಪ್ಪಿದೆ. ಮೇಲೆ ಯಾರ ಹೆಸರುಂಟು, ಓದಿ" ಎಂದರು.

ವಿಳಾಸ ತಪ್ಪಿರಲಿಲ್ಲ. ಊರಿನ ಹೆಸರು, ಮನೆಯ ಹೆಸರು, ಅಪ್ಪನ ಹೆಸರು, ಆಮೇಲೆ ಅವರದು.

ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ, ಅಪಘಾತವಾದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ, ಆರನೇ ಮಂಚದವನು ಶೆಟ್ಟರ ಪೂರ್ತಿ ಹೆಸರು ಬರೆದಿದ್ದ.